ಹಾಡಿನಲ್ಲೇ ಬೇಸ್ ಇಲ್ಲವೋ, ಸ್ಪೀಕರ್ ಕೊಡುತ್ತಿಲ್ಲವೋ: ದೋಷ ಪತ್ತೆ ಮಾಡುವ ಕ್ರಮ

ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಹೊಸ ಸಬ್‌ವೂಫರ್ (ಆಳದ ಬೇಸ್‌ಗೆಂದೇ ಇರುವ ಸ್ಪೀಕರ್) ತಂದು ಕೂರಿಸಿದ್ದಾಯಿತು, ಕೆಲವು ಹಾಡುಗಳಿಗೆ ಕಿಟಕಿ ಗಾಜು ಅದುರುತ್ತದೆ, ಇನ್ನು ಕೆಲವು ಹಾಡುಗಳಲ್ಲಿ ಸಬ್‌ವೂಫರ್ ಆನ್ ಆಗಿದೆಯೋ ಇಲ್ಲವೋ ಎಂದೇ ಅನುಮಾನ. ಆಗ ಹೆಚ್ಚಿನವರ ಕೈ ನೇರವಾಗಿ ಬೇಸ್ ಗುಂಡಿಗೆ ಹೋಗುತ್ತದೆ. ಗುಂಡಿ ಮುಟ್ಟುವ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಆ ಧ್ವನಿಮುದ್ರಣದಲ್ಲಿ ಆಳದ ಬೇಸ್ ಇದೆಯೇ? ಇಲ್ಲದಿದ್ದರೆ ಯಾವ ಆಂಪ್ಲಿಫೈಯರೂ ಅದನ್ನು ಹುಟ್ಟಿಸಲಾರದು. ಇದ್ದರೆ, ಕಿವಿಗೆ ಬರುವ ದಾರಿಯಲ್ಲಿ ಅದು ಎಲ್ಲಿ ಕಳೆದುಹೋಯಿತು ಎಂದು ಹುಡುಕಬಹುದು.

ಹುಡುಕುವ ಕ್ರಮ ಇದು: ಮೊದಲು ಫೈಲ್, ನಂತರ ವಾಲ್ಯೂಮ್ ಮತ್ತು ಕಿವಿ, ನಂತರ ಸ್ಪೀಕರ್ ಮತ್ತು ವೈರಿಂಗ್, ಕೊನೆಗೆ ಕೋಣೆ. ಫೈಲನ್ನು ಮೊದಲಿಡುವುದಕ್ಕೆ ಕಾರಣವಿದೆ. ಅದರ ಪರೀಕ್ಷೆಗೆ ಕಾಸು ಖರ್ಚಿಲ್ಲ, ಅರ್ಧ ಗಂಟೆ ಸಾಕು, ಬರುವ ಉತ್ತರದಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಉಳಿದ ಮೂರರಲ್ಲಿ ಈ ಅನುಕೂಲ ಇಲ್ಲ.

ಯಾವುದು ಆಳ, ಯಾವುದು ಬರೀ ದಪ್ಪ

'ಬೇಸ್ ಚೆನ್ನಾಗಿದೆ' ಎಂದು ಜನ ಹೊಗಳುವ ಬಹುಪಾಲು ಸದ್ದು 80ರಿಂದ 150 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆ) ನಡುವೆ ಇರುತ್ತದೆ. ಪಾರ್ಟಿ ಸ್ಪೀಕರ್‌ಗಳ, ಕಾರ್ ಸ್ಟೀರಿಯೋಗಳ 'ಬೇಸ್ ಬೂಸ್ಟ್' ಹೆಚ್ಚಾಗಿ ಎತ್ತುವುದು ಈ ಭಾಗವನ್ನೇ. ಎದೆಗೆ ಗುದ್ದಿದಂತಾಗುತ್ತದೆ, ಆದರೆ ಅದು ಆಳದ ಬೇಸ್ ಅಲ್ಲ. ಈ ಕೈಪಿಡಿಯಲ್ಲಿ 60 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಆಳ ಎಂದೂ 40ಕ್ಕಿಂತ ಕೆಳಗಿನದ್ದನ್ನು ಅತಿ ಆಳ ಎಂದೂ ಕರೆಯೋಣ.

ವಾದ್ಯಗಳ ಲೆಕ್ಕ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಪಿಯಾನೋದ ಕಟ್ಟಕಡೆಯ ಕೀ 27.5 ಹರ್ಟ್ಸ್. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41.2, ಐದು ತಂತಿಯದ್ದಾದರೆ 30.9. ಸಾದಾ ಗಿಟಾರ್ 82.4ಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಡ್ರಮ್ ಸೆಟ್ಟಿನ ಕಿಕ್ ಡ್ರಮ್ ಸಾಮಾನ್ಯವಾಗಿ 50ರಿಂದ 70ರ ಆಸುಪಾಸಿನಲ್ಲಿ ಗುದ್ದುತ್ತದೆ. ಹಿಪ್‌ಹಾಪ್ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಸಿಂಥ್ ಬೇಸ್ 30ರಿಂದ 60ರಲ್ಲಿ ಓಡಾಡುತ್ತದೆ. ದೊಡ್ಡ ಚರ್ಚುಗಳ 32 ಅಡಿ ಪೈಪಿನ ಆರ್ಗನ್ 16 ಹರ್ಟ್ಸ್‌ವರೆಗೆ ಇಳಿಯುತ್ತದೆ.

ನಮ್ಮ ಸಂಗೀತದ ಲೆಕ್ಕ ಬೇರೆ. ಗಂಡು ಧ್ವನಿಗೆ ಹಾರ್ಮೋನಿಯಂನ ಬಿಳಿ ಒಂದರ ಶ್ರುತಿ ಹಿಡಿದರೆ ಮಧ್ಯ ಷಡ್ಜ 130.8 ಹರ್ಟ್ಸ್, ತಂಬೂರಿಯ ಮಂದ್ರ ಷಡ್ಜದ ತಂತಿ 65.4. ಕಪ್ಪು ಒಂದಾದರೆ 138.6 ಮತ್ತು 69.3. ಮೃದಂಗದ ಬಲ ಮುಚ್ಚಿಗೆ ಷಡ್ಜಕ್ಕೆ ಕೂಡಿರುತ್ತದೆ. ಎಡ ಮುಚ್ಚಿಗೆಯ ನಡುವೆ ರವೆಯ ಮುದ್ದೆ ಹಚ್ಚಿ ತೂಕ ಹೆಚ್ಚಿಸುವುದರಿಂದ ಅದರ ನಾದ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಅಂದರೆ ಗಂಡು ಧ್ವನಿಯ ಕಚೇರಿಯಲ್ಲಿ ವಾದ್ಯಗಳು ಮುಟ್ಟುವ ತಳ ಸುಮಾರು 65 ಹರ್ಟ್ಸ್. ಹೆಣ್ಣು ಧ್ವನಿಯ ಕಚೇರಿಯಲ್ಲಿ ಶ್ರುತಿ ಮೇಲಿರುವುದರಿಂದ ತಳವೂ ಮೇಲೇ. ಕಚೇರಿಯ ಧ್ವನಿಮುದ್ರಣ ಹಾಕಿ ಸಬ್‌ವೂಫರ್ ಸುಮ್ಮನಿದೆ ಎಂದು ದೂರಿದರೆ ಸಬ್‌ವೂಫರಿನ ತಪ್ಪೇನೂ ಇಲ್ಲ. ಅದಕ್ಕೆ ಅಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ಡೊಳ್ಳು ಕುಣಿತದ ಒಳ್ಳೆಯ ಧ್ವನಿಮುದ್ರಣ ಸಿಕ್ಕರೆ ಅದರಲ್ಲಿ ಪರೀಕ್ಷೆ ಮಾಡಿ ನೋಡಿ. ಅಷ್ಟು ದೊಡ್ಡ ಚರ್ಮದ ಪೆಟ್ಟಿನಲ್ಲಿ ಕೆಳಗಿನ ಭಾಗ ಎಷ್ಟಿದೆ ಎಂಬುದು ಮೈಕ್ ಯಾವುದು, ಎಷ್ಟು ದೂರದಲ್ಲಿತ್ತು, ಮಿಕ್ಸರಿನಲ್ಲಿ ಕೆಳಗಿನದ್ದನ್ನು ಕತ್ತರಿಸಿದ್ದರೋ ಎಂಬುದರ ಮೇಲೆ ನಿಂತಿದೆ.

ಫೈಲ್ ಪರೀಕ್ಷೆ

ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶ ಸಾಕು. ಹಾಡನ್ನು ತೆರೆದು, ಬೇಸ್ ಅತಿ ಹೆಚ್ಚಿರಬೇಕಾದ 20–30 ಸೆಕೆಂಡ್ ಭಾಗವನ್ನು ಆಯ್ದುಕೊಳ್ಳಿ. ಇಡೀ ಹಾಡು ಬೇಡ. ಆಲಾಪನೆ, ಮಾತು, ಮೌನ ಎಲ್ಲ ಸೇರಿ ಸರಾಸರಿ ಕಲಸಿಹೋಗುತ್ತದೆ. ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಗ್ರಾಫ್) ತೆರೆದು ಸೈಜ್ 32768, ವಿಂಡೋ ಹ್ಯಾನ್, ಆಕ್ಸಿಸ್ ಲಾಗ್ ಫ್ರೀಕ್ವೆನ್ಸಿ ಎಂದು ಇಡಿ.

ಸೈಜ್ ಸಂಖ್ಯೆಯಲ್ಲೇ ಹೆಚ್ಚಿನವರು ಎಡವುವುದು. 44,100 ಸ್ಯಾಂಪಲ್ ದರದ ಫೈಲಿಗೆ 4096 ಇಟ್ಟರೆ ಗ್ರಾಫಿನ ಒಂದೊಂದು ಮೆಟ್ಟಿಲೂ 10.8 ಹರ್ಟ್ಸ್ ಅಗಲ. 41ರ ಬೇಸ್ ಗಿಟಾರನ್ನೂ 50ರ ಕರೆಂಟಿನ ಹಮ್ಮನ್ನೂ ಬೇರ್ಪಡಿಸಲು ಅದರಿಂದ ಆಗುವುದಿಲ್ಲ. 32768 ಇಟ್ಟರೆ ಮೆಟ್ಟಿಲು 1.35 ಹರ್ಟ್ಸ್‌ಗೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ ಪ್ರತಿ ಅಳತೆಯೂ ಮುಕ್ಕಾಲು ಸೆಕೆಂಡಿನಷ್ಟು ಸದ್ದನ್ನು ಒಟ್ಟಿಗೆ ನುಂಗುತ್ತದೆ. ಹಾಗಾಗಿ ಒಂದೇ ಒಂದು ಕಿಕ್ ಪೆಟ್ಟು ಗ್ರಾಫಿನಲ್ಲಿ ಕಿವಿಗೆ ಕೇಳಿದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಎಳೆದು ನಿಲ್ಲುವ ಸ್ವರಗಳಿಗೆ ದೊಡ್ಡ ಸೈಜ್, ಪೆಟ್ಟುಗಳಿಗೆ 8192, ಎರಡನ್ನೂ ನೋಡಿ ನಿರ್ಧರಿಸುವುದು ಒಳ್ಳೆಯದು.

ಸ್ಪೆಕ್ ಎಂಬ ಪುಟ್ಟ ತಂತ್ರಾಂಶದ ಚಿತ್ರ ತೋರಿಸಿ 'ನೋಡಿ, ಕೆಳಗೆಲ್ಲ ಕೆಂಪಗಿದೆ, ಬೇಸ್ ತುಂಬಿದೆ' ಎನ್ನುವವರಿದ್ದಾರೆ. ಅದರ ಅಳತೆಪಟ್ಟಿ 0ಯಿಂದ 22 ಕಿಲೋಹರ್ಟ್ಸ್‌ವರೆಗೆ ಸಮ ಅಂತರದ್ದು. 500 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 100 ಹರ್ಟ್ಸ್ ಕೆಳಗಿನ ಇಡೀ ಜಗತ್ತಿಗೆ ಎರಡು ಅಥವಾ ಮೂರು ಪಿಕ್ಸೆಲ್ ಸಿಗುತ್ತದೆ. ಮೇಲ್ತುದಿ ಕತ್ತರಿಸಿದ ಎಂಪಿ3 ಪತ್ತೆ ಮಾಡಲು ಅದು ಉಪಯುಕ್ತ. ಬೇಸ್ ನೋಡಲು ಅಲ್ಲ.

ಗ್ರಾಫ್ ನೋಡುವಾಗ ಒಂದು ವಿಷಯ ಬೇಗ ಅರಿವಿಗೆ ಬರುತ್ತದೆ. ತಂಬೂರಿಯೊಂದರ ಧ್ವನಿಮುದ್ರಣವನ್ನು ಹೀಗೆ ತೆರೆದರೆ 65 ಹರ್ಟ್ಸ್‌ನ ಗೆರೆ ಎಷ್ಟೋ ಸಲ ಗಿಡ್ಡವಾಗಿರುತ್ತದೆ. 131, 196, 262 ಮತ್ತು ಅದಕ್ಕೂ ಮೇಲಿನ ಗೆರೆಗಳು ಎತ್ತರವಾಗಿ ನಿಂತಿರುತ್ತವೆ. ತಂತಿಯ ಕೆಳಗೆ ಕುದುರೆಯ ಮೇಲಿಡುವ ನೂಲಿನೆಳೆ, ಅಂದರೆ ಜೀವಾಳಿ, ಮಾಡುವ ಕೆಲಸವೇ ಮೇಲಿನ ಸ್ವರಾಂಶಗಳನ್ನು ಎಬ್ಬಿಸುವುದು. ಆದರೂ ಕೇಳುವವರಿಗೆ ಮಂದ್ರ ಷಡ್ಜ ಸ್ಪಷ್ಟವಾಗಿ ಕೇಳುತ್ತದೆ. 131, 196, 262 ಎಂಬ ಸಾಲನ್ನು ಕಂಡ ಮೆದುಳು ಇವೆಲ್ಲದರ ಮೂಲ 65 ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಮೊಬೈಲಿನ ಚಿಟಿಕೆಯಷ್ಟು ಸ್ಪೀಕರಿನಲ್ಲೂ ಬೇಸ್ ಗಿಟಾರಿನ ಸ್ವರ ಗುರುತಿಸಲು ಆಗುವುದು ಇದೇ ಕಾರಣಕ್ಕೆ. ಹಾಗಾಗಿ 'ಸ್ವರ ಕೇಳಿಸುತ್ತಿದೆ' ಎಂಬುದು ಆ ಸ್ವರದ ಮೂಲ ಫ್ರೀಕ್ವೆನ್ಸಿ ಫೈಲಿನಲ್ಲಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬೇಸ್ ಅಳೆಯುವವರು ಮರೆಯಬಾರದ ಮಾತು ಇದೊಂದೇ ಎಂದರೂ ತಪ್ಪಿಲ್ಲ.

ಗ್ರಾಫ್ ಅಂದಾಜು ಕೊಡುತ್ತದೆ. ಲೆಕ್ಕ ಬೇಕಿದ್ದರೆ ಫಿಲ್ಟರ್ ಹಾಕಿ ಅಳೆಯಬೇಕು.

1. ಆಯ್ದ ಭಾಗವನ್ನು ಹೊಸ ಟ್ರ್ಯಾಕ್‌ಗಳಿಗೆ ಎರಡು ಸಲ ನಕಲಿಸಿ. ಈಗ ಒಟ್ಟು ಮೂರು ಪ್ರತಿ.
2. ಒಂದು ನಕಲಿಗೆ ಲೋ-ಪಾಸ್ ಫಿಲ್ಟರ್ (ಗಡಿಯ ಕೆಳಗಿನದ್ದನ್ನು ಮಾತ್ರ ಬಿಡುವುದು) 60 ಹರ್ಟ್ಸ್, ಇನ್ನೊಂದಕ್ಕೆ 40 ಹರ್ಟ್ಸ್. ಎರಡಕ್ಕೂ ರೋಲ್-ಆಫ್ (ಗಡಿಯಾಚೆ ಸದ್ದು ತಗ್ಗುವ ವೇಗ) 48 ಡಿಬಿ (ಡೆಸಿಬೆಲ್). ಡೀಫಾಲ್ಟ್ ಆಗಿ ಬರುವ 6 ಡಿಬಿ ಇಟ್ಟರೆ ಮೇಲಿನ ಸದ್ದೆಲ್ಲ ಸೋರಿ ಒಳಗೆ ಬಂದು ಲೆಕ್ಕ ಕೆಡುತ್ತದೆ.
3. ಅನಲೈಸ್ ಮೆನುವಿನಲ್ಲಿರುವ, ಸದ್ದಿನ ಸರಾಸರಿ ಮಟ್ಟ ಹೇಳುವ ಮೆಷರ್ ಆರ್‌ಎಂಎಸ್‌ನಿಂದ ಮೂರನ್ನೂ ಅಳೆದು ಬರೆದುಕೊಳ್ಳಿ.

ಮೂಲಕ್ಕಿಂತ 60 ಹರ್ಟ್ಸ್ ನಕಲು 10 ಡಿಬಿ ಕಡಿಮೆ ಇದ್ದರೆ ಒಟ್ಟು ಶಕ್ತಿಯ ಹತ್ತನೇ ಒಂದು ಭಾಗ ಆ ಗಡಿಯ ಕೆಳಗಿದೆ ಎಂದರ್ಥ. ಆಳದ ಬೇಸ್ ಧಾರಾಳವಾಗಿದೆ. 20 ಡಿಬಿ ಕಡಿಮೆ ಎಂದರೆ ನೂರರಲ್ಲಿ ಒಂದು ಭಾಗ. 40 ಹರ್ಟ್ಸ್ ನಕಲಿನಲ್ಲಿ ಈ 20 ಡಿಬಿ ಅಂತರ ಬಂದರೆ ಕೇಳುವ ಲೆಕ್ಕದಲ್ಲಿ ಅತಿ ಆಳ ಇಲ್ಲ ಎಂದೇ ಬರೆದುಕೊಳ್ಳಬಹುದು. ಹೇಗೆಂದರೆ, ಹಾಡು ಒಟ್ಟಾರೆ 75 ಡಿಬಿಯಲ್ಲಿ ಕೇಳುತ್ತಿದೆ ಎಂದುಕೊಳ್ಳಿ. ಅತಿ ಆಳದ ಭಾಗ 55 ಡಿಬಿ ಆಯಿತು. ಆರೋಗ್ಯವಂತ ಕಿವಿಗೆ 40 ಹರ್ಟ್ಸ್ ಕೇಳಿಸಲು ಶುರುವಾಗುವುದೇ ಸುಮಾರು 51 ಡಿಬಿಯಲ್ಲಿ, 31.5 ಹರ್ಟ್ಸ್ ಆದರೆ 59ರಿಂದ 60ರಲ್ಲಿ. ನಿಶ್ಶಬ್ದ ಕೋಣೆಯಲ್ಲೂ ಅಂಚಿನಲ್ಲಿರುವ ಸದ್ದು, ಮೇಲೆ ಬೇರೆ ವಾದ್ಯಗಳು ನುಡಿಯುವಾಗ ಪೂರ್ತಿ ಮುಚ್ಚಿಹೋಗುತ್ತದೆ.

ಕಿವಿಯಿಂದಲೇ ತೀರ್ಮಾನಿಸುವ ಉಪಾಯವೂ ಇದೆ, ಆದರೆ ಕೆಳಗಿನವರೆಗೆ ನುಡಿಯುವ ಹೆಡ್‌ಫೋನ್ ಬೇಕು. ಹಾಡಿನ ಒಂದು ಪ್ರತಿಗೆ 40 ಹರ್ಟ್ಸ್‌ನಲ್ಲಿ ಹೈ-ಪಾಸ್ (ಗಡಿಯ ಕೆಳಗಿನದ್ದನ್ನು ಕತ್ತರಿಸುವ ಫಿಲ್ಟರ್) ಹಾಕಿ, ಮೂಲದ ಜೊತೆ ಬದಲಾಯಿಸಿ ಬದಲಾಯಿಸಿ ಕೇಳಿ. ಕಣ್ಣು ಮುಚ್ಚಿಕೊಂಡು ಬೇರೆಯವರಿಂದ ಬದಲಾಯಿಸಿಸಿದರೆ ಇನ್ನೂ ಒಳ್ಳೆಯದು. ವ್ಯತ್ಯಾಸ ಹಿಡಿಯಲಾಗದಿದ್ದರೆ ಆ ಹಾಡಿಗಾಗಿ ದೊಡ್ಡ ಸಬ್‌ವೂಫರ್ ಕೊಳ್ಳುವ ಅಗತ್ಯವಿಲ್ಲ.

ಶಕ್ತಿ ಇದೆ, ಸಂಗೀತವಲ್ಲ

ಗ್ರಾಫಿನಲ್ಲಿ ಕೆಳಗೆ ಎತ್ತರದ ಗೆರೆ ಕಂಡ ಕೂಡಲೇ ಬೇಸ್ ಸಿಕ್ಕಿತು ಎಂದುಕೊಳ್ಳಬೇಡಿ. ಸಭಾಭವನದ ಧ್ವನಿಮುದ್ರಣಗಳಲ್ಲಿ 50 ಹರ್ಟ್ಸ್‌ನ ಸೂಜಿಯಂಥ ಗೆರೆ, ಅದರ ಜೊತೆಗೆ 100 ಮತ್ತು 150ರಲ್ಲಿ ಇನ್ನೆರಡು ಕಂಡರೆ ಅದು ಕರೆಂಟಿನ ಹಮ್. ಅಮೆರಿಕದ ಧ್ವನಿಮುದ್ರಣವಾದರೆ ಇದೇ ಸಾಲು 60, 120, 180ರಲ್ಲಿ ಕಾಣುತ್ತದೆ. ಖಚಿತಪಡಿಸಿಕೊಳ್ಳಲು ಹಾಡು ಶುರುವಾಗುವ ಮೊದಲಿನ ಒಂದೆರಡು ಸೆಕೆಂಡ್ ಮೌನವನ್ನು ಮಾತ್ರ ಆಯ್ದು ಗ್ರಾಫ್ ನೋಡಿ. ವಾದ್ಯ ನುಡಿಯದಾಗಲೂ ಗೆರೆ ಅಲ್ಲೇ ನಿಂತಿದ್ದರೆ ಅದು ಸಂಗೀತವಲ್ಲ. ಇದನ್ನು ಕಣ್ಣಿಟ್ಟು ನೋಡಬೇಕು, ಏಕೆಂದರೆ ಬೇಸ್ ಗಿಟಾರಿನ ಜಿ ಸ್ವರ 49 ಹರ್ಟ್ಸ್‌ನಲ್ಲಿ ಕೂರುತ್ತದೆ. ಸಣ್ಣ ಸೈಜಿನ ಗ್ರಾಫಿನಲ್ಲಿ ಎರಡೂ ಒಂದೇ.

ಎಲ್‌ಪಿ ತಟ್ಟೆಯಿಂದ ಇಳಿಸಿಕೊಂಡ ಫೈಲುಗಳಲ್ಲಿ 20 ಹರ್ಟ್ಸ್ ಕೆಳಗೆ ಗುಡ್ಡದಷ್ಟು ಶಕ್ತಿ ಕಾಣಬಹುದು. ತಟ್ಟೆ ಸೊಟ್ಟಗಿದ್ದರೆ ನಿಮಿಷಕ್ಕೆ 33⅓ ಸುತ್ತಿನ ಲೆಕ್ಕದಲ್ಲಿ ಸೆಕೆಂಡಿಗೆ ಅರ್ಧ ಸಲಕ್ಕಿಂತ ತುಸು ಹೆಚ್ಚು, 0.56 ಹರ್ಟ್ಸ್‌ನ ಅಲೆ. ಅದರ ಮೇಲೆ ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ನಡುಗುವ ಸಾಮಾನ್ಯ ಜಾಗ 8ರಿಂದ 12 ಹರ್ಟ್ಸ್. ಕಿವಿಗೆ ಇದಾವುದೂ ಕೇಳುವುದಿಲ್ಲ, ವೂಫರಿನ ಕೋನ್ ಮಾತ್ರ ಸುಮ್ಮಸುಮ್ಮನೆ ಮುಂದಕ್ಕೂ ಹಿಂದಕ್ಕೂ ಈಜುತ್ತಿರುತ್ತದೆ. ಬಯಲಿನ ಧ್ವನಿಮುದ್ರಣಗಳಲ್ಲಿ ಮೈಕಿಗೆ ಬಡಿದ ಗಾಳಿ, ವೇದಿಕೆಯ ಹಲಗೆ ತುಳಿದ ಸದ್ದು ಇದೇ ಜಾಗಕ್ಕೆ ಬಂದು ಸೇರುತ್ತವೆ. ಹಾಗಾಗಿ ಮೇಲಿನ ಲೆಕ್ಕಕ್ಕೆ ಮೊದಲು ಮೂರೂ ಪ್ರತಿಗಳಿಗೆ 20 ಹರ್ಟ್ಸ್‌ನಲ್ಲಿ ಹೈ-ಪಾಸ್ ಹಾಕಿಕೊಳ್ಳುವುದು ಕ್ಷೇಮ.

ಮೂಲದಲ್ಲೇ ಇಲ್ಲದಿರುವ ಕಾರಣಗಳು

1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಮುಂತಾದವರು ಹಾಡಿ ಶುರುವಾದ ನಮ್ಮ ಗ್ರಾಮೋಫೋನ್ ಯುಗದ ಮೊದಲ ಎರಡು ದಶಕಗಳಲ್ಲಿ ಮೈಕೇ ಇರಲಿಲ್ಲ. ಕಹಳೆಯೊಳಗೆ ಹಾಡಿದ ಸದ್ದಿನ ಬಲವೇ ಸೂಜಿಯನ್ನು ಅಲ್ಲಾಡಿಸಿ ಮೇಣದಲ್ಲಿ ಗೆರೆ ಕೊರೆಯಬೇಕಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವವರೆಗೆ ಸುಮಾರು 200 ಹರ್ಟ್ಸ್ ಕೆಳಗಿನದ್ದು ಹೇಳಿಕೊಳ್ಳುವಷ್ಟು ದಾಖಲಾಗಲೇ ಇಲ್ಲ. ಆ ತಟ್ಟೆಗಳ 'ಬೇಸ್ ಹೆಚ್ಚಿಸಿದ' ಪ್ರತಿಗಳಲ್ಲಿ ಹೆಚ್ಚಾಗಿರುವುದು ಯಂತ್ರದ ಗುಡುಗುಡು ಮಾತ್ರ.

ಹಳೆಯ ಚಿತ್ರಗೀತೆಗಳದ್ದು ಇನ್ನೊಂದು ಕತೆ. ಫಿಲ್ಮಿನ ಅಂಚಿನಲ್ಲಿ ಬೆಳಕಿನಿಂದ ಬರೆದ ಮೋನೋ ಧ್ವನಿಪಥವನ್ನು ನುಡಿಸಲು ಚಿತ್ರಮಂದಿರಗಳು ಅನುಸರಿಸುತ್ತಿದ್ದ ಅಕಾಡೆಮಿ ಕರ್ವ್ 100ರಿಂದ 1,600 ಹರ್ಟ್ಸ್‌ವರೆಗೆ ಸಮತಟ್ಟು. 40 ಹರ್ಟ್ಸ್‌ನಲ್ಲಿ 7 ಡಿಬಿ ಕಡಿಮೆ, 8 ಕಿಲೋಹರ್ಟ್ಸ್‌ನಲ್ಲಿ 18 ಡಿಬಿ ಕಡಿಮೆ. ಅಂಥ ಹಾಲ್‌ಗಳಿಗಾಗಿ ಮಿಕ್ಸ್ ಮಾಡಿದವರು 40 ಹರ್ಟ್ಸ್‌ಗೆ ತಲೆಕೆಡಿಸಿಕೊಂಡಿರಲು ಕಾರಣವೇ ಇರಲಿಲ್ಲ. ಅದೇ ಹಾಡಿನ ಗ್ರಾಮೋಫೋನ್ ತಟ್ಟೆಯ ಪ್ರತಿ ಬೇರೆ ಮೂಲದಿಂದ ಬಂದಿರಬಹುದು. ಎರಡು ಪ್ರತಿ ಸಿಕ್ಕರೆ ಎರಡನ್ನೂ ಅಳೆಯಿರಿ, ಒಂದೇ ಹಾಡು ಎಂದು ಒಂದೇ ಫಲಿತಾಂಶ ಊಹಿಸಬೇಡಿ.

ಎಲ್‌ಪಿ ಇಳಿಸುವಾಗ ಆಗುವ ದೊಡ್ಡ ತಪ್ಪು ಟರ್ನ್‌ಟೇಬಲನ್ನು ಫೋನೋ ಸಾಕೆಟ್ಟಿನ ಬದಲು ಲೈನ್ ಇನ್‌ಗೆ ಚುಚ್ಚುವುದು. 1954ರಿಂದ ಚಾಲ್ತಿಯಲ್ಲಿರುವ ಆರ್‌ಐಎಎ ಕ್ರಮದಂತೆ ತಟ್ಟೆ ಕೊರೆಯುವಾಗ 20 ಹರ್ಟ್ಸ್ ಕಡೆಗೆ ಹೋಗುತ್ತಾ ಸುಮಾರು 19 ಡಿಬಿವರೆಗೆ ಬೇಸ್ ತಗ್ಗಿಸಿರುತ್ತಾರೆ. ಅದನ್ನು ಮರಳಿ ಎತ್ತುವುದು ಫೋನೋ ಪ್ರೀಆಂಪಿನ ಕೆಲಸ. ಪ್ರೀಆಂಪ್ ಇಲ್ಲದೆ ಇಳಿಸಿದರೆ ಸದ್ದು ತೀರಾ ಸಣ್ಣದು, ತೆಳ್ಳಗೆ, ಕೀರಲು. ಇದು ಮೊದಲ ಕೇಳ್ಮೆಯಲ್ಲೇ ಗೊತ್ತಾಗುತ್ತದೆ.

5.1 ಧ್ವನಿಪಥವಿರುವ ಸಿನಿಮಾದಿಂದ ಸ್ಟೀರಿಯೋಗೆ ಇಳಿಸಿದ ಹಾಡುಗಳಲ್ಲಿ ಅತಿ ಆಳ ಕಾಣೆಯಾಗಿದ್ದರೆ ಇಳಿಸುವಾಗ '.1' ಎಂಬ ಎಲ್‌ಎಫ್‌ಇ ಚಾನೆಲ್ಲನ್ನು (ಅತಿ ಆಳದ ಸದ್ದಿಗೆಂದೇ ಇರುವ ಪ್ರತ್ಯೇಕ ಪಥ) ಬಿಟ್ಟಿರುವ ಸಾಧ್ಯತೆ ಹೆಚ್ಚು. ಸಾಮಾನ್ಯ ಡೌನ್‌ಮಿಕ್ಸ್ ಕ್ರಮದಲ್ಲಿ ಅದನ್ನು ಸೇರಿಸುವುದಿಲ್ಲ.

ಎಂಪಿ3 ಮಾಡಿದ್ದರಿಂದ ಬೇಸ್ ಹೋಯಿತು ಎಂಬ ಆರೋಪ ಮಾತ್ರ ನಿಲ್ಲುವುದಿಲ್ಲ. 128 ಕೆಬಿಪಿಎಸ್ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಮೇಲಿನದ್ದನ್ನು ಕತ್ತರಿಸುತ್ತದೆ, 40 ಹರ್ಟ್ಸನ್ನು ಮುಟ್ಟುವುದಿಲ್ಲ. ಬ್ಲೂಟೂತ್ ಕೂಡ ಹಾಗೆಯೇ. ಫೋನ್ ಕರೆಯಲ್ಲಿ ಕೇಳಿಸಿದ ಹಾಡಿನ ವಿಚಾರ ಬೇರೆ. ಹಳೆಯ ದೂರವಾಣಿ ಮಾರ್ಗದ ವ್ಯಾಪ್ತಿಯೇ 300ರಿಂದ 3,400 ಹರ್ಟ್ಸ್.

ಸ್ಟೀರಿಯೋ ಫೈಲಿನ ಎಡ ಬಲ ಚಾನೆಲ್‌ಗಳ ಬೇಸ್ ಒಂದಕ್ಕೊಂದು ತಿರುಗುಮುರುಗಾಗಿದ್ದರೆ ಹೆಡ್‌ಫೋನಿನಲ್ಲಿ ಇದ್ದದ್ದು ಸಬ್‌ವೂಫರಿನಲ್ಲಿ ಮಾಯವಾಗುತ್ತದೆ, ಏಕೆಂದರೆ ಸಬ್‌ವೂಫರಿಗೆ ಹೋಗುವಾಗ ಎರಡೂ ಕೂಡಿ ಒಂದನ್ನೊಂದು ಅಳಿಸುತ್ತವೆ. ಆಡಾಸಿಟಿಯಲ್ಲಿ ಮೋನೋಗೆ ಮಿಕ್ಸ್ ಮಾಡಿ 60 ಹರ್ಟ್ಸ್ ಲೆಕ್ಕವನ್ನು ಮತ್ತೆ ತೆಗೆಯಿರಿ. ಅಂತರ ಒಮ್ಮೆಲೇ ಹೆಚ್ಚಿದರೆ ದೋಷ ಫೈಲಿನದ್ದು.

ವಾಲ್ಯೂಮ್

ಫೈಲಿನಲ್ಲಿ ಬೇಸ್ ಇದೆ ಎಂದಾಯಿತು. ಆದರೂ ರಾತ್ರಿ ಹೊತ್ತು ಸಣ್ಣಗೆ ಹಾಕಿದರೆ ಕೇಳುವುದಿಲ್ಲ, ಹಗಲು ಜೋರಾಗಿ ಹಾಕಿದರೆ ಕೇಳುತ್ತದೆ ಎಂದರೆ ಯಾವ ಉಪಕರಣವೂ ಕೆಟ್ಟಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿ ತೋರಿಸಿದ, ಈಗ ಐಎಸ್‌ಒ 226 ಎಂಬ ಮಾನಕದಲ್ಲಿರುವ ಸಂಗತಿ ಇದು. 1,000 ಹರ್ಟ್ಸ್‌ನ 80 ಡಿಬಿ ಸದ್ದಿನಷ್ಟೇ ಜೋರಾಗಿ 50 ಹರ್ಟ್ಸ್ ಕೇಳಬೇಕಾದರೆ ಸುಮಾರು 102 ಡಿಬಿ ಬೇಕು. 1,000 ಹರ್ಟ್ಸ್ 40 ಡಿಬಿಗೆ ಇಳಿದಾಗ 50 ಹರ್ಟ್ಸ್ 78ರಲ್ಲಿ ನಿಲ್ಲಬೇಕು. ಆದರೆ ವಾಲ್ಯೂಮ್ ಗುಂಡಿ ಎರಡನ್ನೂ ಸಮನಾಗಿ 40 ಡಿಬಿ ಇಳಿಸಿ 50 ಹರ್ಟ್ಸನ್ನು 62ಕ್ಕೆ ತರುತ್ತದೆ. ಕಿವಿಯ ಮಟ್ಟಿಗೆ ಬೇಸ್ 16 ಡಿಬಿ ಕಳೆದುಹೋಯಿತು. ಹಳೆಯ ಆಂಪ್ಲಿಫೈಯರುಗಳಲ್ಲಿದ್ದ ಲೌಡ್‌ನೆಸ್ ಗುಂಡಿ ಇದಕ್ಕಾಗಿಯೇ ಇತ್ತು. ಇದ್ದರೆ ಸಣ್ಣ ವಾಲ್ಯೂಮಿನಲ್ಲಿ ಬಳಸಿ, ಪರೀಕ್ಷೆ ಮಾಡುವಾಗ ಮಾತ್ರ ಆರಿಸಿಡಿ.

ಸಣ್ಣ ಬ್ಲೂಟೂತ್ ಸ್ಪೀಕರುಗಳಲ್ಲಿ ಇದರ ಉಲ್ಟಾ ಆಗುತ್ತದೆ. ವಾಲ್ಯೂಮ್ ಏರಿಸಿದಂತೆ ಬೇಸ್ ಕಡಿಮೆಯಾಗುತ್ತದೆ. ಕೋನ್ ಹರಿಯದಂತೆ ಒಳಗಿನ ಪ್ರೊಸೆಸರ್ ತಾನೇ ಕೆಳಗಿನದ್ದನ್ನು ತಗ್ಗಿಸುತ್ತದೆ. ಅಂಥ ಸ್ಪೀಕರಿನಲ್ಲಿ ಬೇಸ್ ತೀರ್ಮಾನ ಮಾಡಲು ಹೋಗಬೇಡಿ.

ಸ್ಪೀಕರ್, ಹೆಡ್‌ಫೋನ್, ವೈರು

ಆಡಾಸಿಟಿಯ ಜನರೇಟ್ ಮೆನುವಿನಿಂದ ಸೈನ್ ಟೋನ್‌ಗಳನ್ನು 0.2 ಮಟ್ಟದಲ್ಲಿ ಮಾಡಿಕೊಳ್ಳಿ: 100, 80, 63, 50, 40, 31.5, 25. ಪ್ರತಿಯೊಂದೂ ಐದು ಸೆಕೆಂಡ್. 100ರಿಂದ ಶುರು ಮಾಡಿ, ಮಾತಾಡುವಷ್ಟು ಜೋರಿಗೆ ಇಟ್ಟು, ಕೆಳಗಿಳಿಯುತ್ತಾ ಹೋಗಿ. ನಡುವೆ ವಾಲ್ಯೂಮ್ ಮುಟ್ಟಬಾರದು. 25ರಲ್ಲಿ ಏನೂ ಕೇಳಲಿಲ್ಲವೆಂದು ಏರಿಸುವುದು ವೂಫರ್ ಸುಡುವ ನೇರ ದಾರಿ. ಅಷ್ಟೇ ಜೋರಿನ ಸದ್ದಿಗೆ ಫ್ರೀಕ್ವೆನ್ಸಿ ಅರ್ಧವಾದರೆ ಕೋನ್ ನಾಲ್ಕು ಪಟ್ಟು ಓಡಾಡಬೇಕು. ತೂತಿರುವ, ಅಂದರೆ ಪೋರ್ಟೆಡ್ ಪೆಟ್ಟಿಗೆಯಲ್ಲಿ ಪೋರ್ಟಿನ ಟ್ಯೂನಿಂಗ್‌ಗಿಂತ ಕೆಳಗೆ ಕೋನನ್ನು ತಡೆಯುವ ಗಾಳಿಯ ಒತ್ತಡವೂ ಇರುವುದಿಲ್ಲ.

ಐದು ಇಂಚಿನ ವೂಫರ್ ಇರುವ ಪುಸ್ತಕದ ಕಪಾಟಿನ ಗಾತ್ರದ ಸ್ಪೀಕರ್ ಸಾಮಾನ್ಯವಾಗಿ 55–60 ಹರ್ಟ್ಸ್ ಸುತ್ತ ಇಳಿಯಲು ಶುರು ಮಾಡುತ್ತದೆ. ಆಮೇಲೆ ಮುಚ್ಚಿದ ಪೆಟ್ಟಿಗೆಯಾದರೆ ಸ್ಥಾಯಿಗೆ 12 ಡಿಬಿ, ಪೋರ್ಟೆಡ್ ಆದರೆ 24 ಡಿಬಿ ವೇಗದಲ್ಲಿ ಕುಸಿಯುತ್ತದೆ. ಆದರೆ 31.5 ಟೋನ್ ಹಾಕಿದಾಗಲೂ ಏನೋ ಕೇಳುತ್ತದೆಯಲ್ಲ ಎನ್ನಿಸಬಹುದು. ಗಮನವಿಟ್ಟು ಕೇಳಿ. 63 ಹಾಕಿದಾಗಿನ ಸ್ವರವೇ, ತುಸು ಒರಟಾಗಿ ಕೇಳುತ್ತಿದೆಯೇ? ಹಾಗಿದ್ದರೆ ಅದು ಡಬ್ಲಿಂಗ್. ಕೋನ್ ತಡೆಯಲಾರದೆ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಗಳನ್ನು ತಾನೇ ಹುಟ್ಟಿಸುತ್ತಿದೆ. ನಿಜವಾದ 31.5 ಹರ್ಟ್ಸ್‌ನಲ್ಲಿ ಸ್ವರವೆನ್ನುವಂಥದ್ದು ಹೆಚ್ಚಿರುವುದಿಲ್ಲ. ಗಾಳಿಯ ಒತ್ತಡ ಕಿವಿಯಲ್ಲಿ ಅಲೆಯಾದಂತೆ ತಿಳಿಯುತ್ತದೆ. ಪೋರ್ಟಿನಿಂದ 'ಫುಸ್ ಫುಸ್' ಎಂದರೆ ಅದೂ ಬೇಸ್ ಅಲ್ಲ, ಪೋರ್ಟಿನ ಮಿತಿ ಮುಗಿಯಿತು ಎಂಬ ಸೂಚನೆ.

ಕಿವಿಯೊಳಗೆ ತುರುಕುವ ಇಯರ್‌ಫೋನಿನಲ್ಲಿ ಬೇಸ್ ಇಲ್ಲವೆಂದರೆ ಹೆಚ್ಚಿನ ಸಲ ರಬ್ಬರ್ ತುದಿಯ ಅಳತೆ ತಪ್ಪಿರುತ್ತದೆ. ಕೂದಲೆಳೆಯಷ್ಟು ಸೋರಿಕೆ ಸಾಕು, ಆಳವೆಲ್ಲ ಹೊರಟುಹೋಗುತ್ತದೆ. 40 ಹರ್ಟ್ಸ್ ಟೋನ್ ಹಾಕಿಕೊಂಡು ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಸದ್ದು ಏರಿದರೆ ದೊಡ್ಡ ತುದಿ ಹಾಕಿ. ಎಡ ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಎರಡು ಸ್ಪೀಕರುಗಳ ಪೈಕಿ ಒಂದರ ಕೆಂಪು ಕಪ್ಪು ವೈರು ಅದಲುಬದಲಾಗಿದ್ದರೆ ಮಾತು, ಪಿಟೀಲು ಎಲ್ಲ ಕೇಳುತ್ತದೆ, ಬೇಸ್ ಮಾತ್ರ ಸೋತುಹೋಗಿರುತ್ತದೆ. ಎರಡನ್ನೂ ಎದುರುಬದುರಾಗಿ ನಾಲ್ಕು ಇಂಚು ಅಂತರದಲ್ಲಿಟ್ಟು ಮೋನೋ ಹಾಡು ಹಾಕಿ. ಆಂಪ್ ಆರಿಸಿ, ಒಂದರ ವೈರು ಅದಲುಬದಲು ಮಾಡಿ, ಮತ್ತೆ ಹಾಕಿ. ಯಾವ ಜೋಡಣೆಯಲ್ಲಿ ಬೇಸ್ ಹೆಚ್ಚೋ ಅದೇ ಸರಿ.

ಸಬ್‌ವೂಫರ್ ಇರುವ ಕಡೆ ನೋಡಬೇಕಾದ್ದು ಇನ್ನೂ ಇದೆ. ರಿಸೀವರಿನಲ್ಲಿ (ಎಲ್ಲ ಸ್ಪೀಕರುಗಳಿಗೆ ಸದ್ದು ಹಂಚುವ ಆಂಪ್) ಮುಂದಿನ ಸ್ಪೀಕರುಗಳನ್ನು 'ಲಾರ್ಜ್' ಎಂದಿಟ್ಟಿದ್ದರೆ ಸ್ಟೀರಿಯೋ ಹಾಡಿನ ಬೇಸ್ ಸಬ್‌ವೂಫರಿಗೆ ಹೋಗುವುದೇ ಇಲ್ಲ. ಸ್ಟೀರಿಯೋದಲ್ಲಿ ಎಲ್‌ಎಫ್‌ಇ ಚಾನೆಲ್ ಇಲ್ಲವಲ್ಲ. 'ಸ್ಮಾಲ್' ಮಾಡಿ ಕ್ರಾಸೋವರ್ (ಬೇಸನ್ನು ಸಬ್‌ವೂಫರಿಗೆ ಬೇರ್ಪಡಿಸುವ ಗಡಿ) 80 ಹರ್ಟ್ಸ್ ಇಡಿ. ಹಲವು ರಿಸೀವರುಗಳಲ್ಲಿ 'ಡೈರೆಕ್ಟ್' ಮೋಡ್ ಒತ್ತಿದರೂ ಇದೇ ಪರಿಣಾಮ. ಸಬ್‌ವೂಫರಿನ ಹಿಂದಿನ ಕ್ರಾಸೋವರ್ ಗುಂಡಿಯನ್ನು ಹೆಚ್ಚಿನ ಹರ್ಟ್ಸ್ ಕಡೆಗೆ ಕೊನೆಯವರೆಗೆ ತಿರುಗಿಸಿಡಿ, ಇಲ್ಲದಿದ್ದರೆ ಎರಡು ಫಿಲ್ಟರ್ ಒಂದರ ಮೇಲೊಂದು ಕೂತು ನಡುವೆ ಹಳ್ಳ ಬೀಳುತ್ತದೆ. 80 ಹರ್ಟ್ಸ್ ಟೋನ್ ಹಾಕಿ, ಕೂರುವ ಜಾಗದಲ್ಲಿ ಕೂತು, ಬೇರೊಬ್ಬರಿಂದ ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಾಯಿಸಿಸಿ. ಜೋರಾಗಿ ಕೇಳುವ ಕಡೆ ಬಿಡಿ. ಸಣ್ಣ ವಾಲ್ಯೂಮಿನಲ್ಲಿ ಸಬ್‌ವೂಫರ್ ಏಳುವುದೇ ಇಲ್ಲವೆಂದರೆ ಆಟೋ ಸ್ಟ್ಯಾಂಡ್‌ಬೈ ತೆಗೆದು 'ಆನ್'ಗೆ ಹಾಕಿ.

ಕೋಣೆ

ಇಷ್ಟೆಲ್ಲ ಸರಿಯಿದ್ದೂ ಬೇಸ್ ಇಲ್ಲವಾದರೆ, ಅಥವಾ ಒಂದೇ ಸ್ವರ ಮಾತ್ರ ಗುಮ್ಮೆಂದು ಉಳಿದವು ಸತ್ತಂತಿದ್ದರೆ, ಕೋಣೆಯನ್ನು ಹಿಡಿಯಬೇಕು. ಎದುರುಬದುರು ಗೋಡೆಗಳ ನಡುವೆ ಅಲೆ ನಿಲ್ಲುವ ಮೊದಲ ಫ್ರೀಕ್ವೆನ್ಸಿ ತಿಳಿಯಲು 172ನ್ನು ಮೀಟರಿನ ಉದ್ದದಿಂದ ಭಾಗಿಸಿ. ನಮ್ಮ ಮನೆಗಳ ಮಾಮೂಲಿ 10×12 ಅಡಿ ಕೋಣೆ ತೆಗೆದುಕೊಳ್ಳಿ. 12 ಅಡಿ ಎಂದರೆ 3.66 ಮೀಟರ್, 47 ಹರ್ಟ್ಸ್. 10 ಅಡಿ ಎಂದರೆ 3.05 ಮೀಟರ್, 56 ಹರ್ಟ್ಸ್. ಸೂರಿನ ಎತ್ತರವೂ 10 ಅಡಿ ಇದ್ದುಬಿಟ್ಟರೆ ಅಗಲ ಮತ್ತು ಎತ್ತರ ಎರಡೂ 56ರಲ್ಲೇ ಕೂಡಿಕೊಂಡು ಆ ಸ್ವರವೊಂದೇ ಉಬ್ಬುತ್ತದೆ. ಅದನ್ನೇ 'ಒಳ್ಳೆ ಬೇಸ್ ಇರುವ ಹಾಡು' ಎಂದು ತಿಳಿಯುವವರು ಬಹಳ. ಹಾಡಿನ ಕಿಕ್ ಡ್ರಮ್ 56ರ ಹತ್ತಿರ ಟ್ಯೂನ್ ಆಗಿದ್ದದ್ದಷ್ಟೇ ಅದರ ಗುಟ್ಟು.

ಇದೇ ಕೋಣೆಯ ಉದ್ದಕ್ಕೆ ಸರಿಯಾಗಿ ನಡುವೆ ಕುರ್ಚಿ ಹಾಕಿದರೆ 47 ಹರ್ಟ್ಸ್ ಬಹುತೇಕ ಶೂನ್ಯ. ಅಲ್ಲಿ ಕೂತು ಬೇಸ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ಆ ತಗ್ಗು ತುಂಬುವುದಿಲ್ಲ, ಏರಿಸಿದಷ್ಟೂ ಅಳಿಸುವ ಅಲೆಯೂ ಏರುತ್ತದೆ. 50 ಹರ್ಟ್ಸ್ ಟೋನ್ ಹಾಕಿ ಕೋಣೆಯಲ್ಲಿ ನಿಧಾನವಾಗಿ ನಡೆದು ನೋಡಿ. ಗೋಡೆಯ ಬಳಿ, ಮೂಲೆಯಲ್ಲಿ ಜೋರು, ನಡುವೆ ಸಣ್ಣದು. ಕುರ್ಚಿಯನ್ನು ಉದ್ದದ ಸುಮಾರು ಶೇ 38ರ ಜಾಗಕ್ಕೆ, ಅಂದರೆ 12 ಅಡಿಯಲ್ಲಿ ಗೋಡೆಯಿಂದ ನಾಲ್ಕೂವರೆ ಅಡಿಗೆ ಸರಿಸಿ ಮತ್ತೆ ಕೇಳಿ. ಸಬ್‌ವೂಫರಿನ ಜಾಗ ಹುಡುಕಲು ಅದನ್ನೇ ಕೂರುವ ಕುರ್ಚಿಯ ಮೇಲಿಟ್ಟು ಬೇಸ್ ಸಾಲು ಏರಿಳಿಯುವ ಹಾಡು ಹಾಕಿ. ನೀವು ಗೋಡೆಯಂಚಿನಲ್ಲಿ ಮಂಡಿಯೂರಿ ಸಾಗುತ್ತಾ ಎಲ್ಲ ಸ್ವರಗಳೂ ಸಮನಾಗಿ ಕೇಳುವ ಜಾಗ ಗುರುತಿಸಿ. ಸಬ್‌ವೂಫರ್ ಇಡಬೇಕಾದ್ದು ಅಲ್ಲಿ.

ಸ್ಪೀಕರ್ ಹಿಂದಿನ ಗೋಡೆಯ ಅಂತರವನ್ನೂ ಅಳೆಯಿರಿ. ಒಂದು ಮೀಟರ್ ಇದ್ದರೆ ಗೋಡೆಗೆ ಬಡಿದು ಮರಳಿದ ಅಲೆ 86 ಹರ್ಟ್ಸನ್ನು ತಿನ್ನುತ್ತದೆ. ಹಂಚಿನ ಮಾಡು, ಮರದ ಅಟ್ಟ, ತೆರೆದ ಜಗಲಿ ಇರುವ ಮನೆಗಳಲ್ಲಿ ಆಳದ ಬೇಸ್ ಸಂದುಗಳಿಂದ ಹೊರಗೆ ಹೋಗುತ್ತದೆ. ಉಬ್ಬು ತಗ್ಗು ಕಡಿಮೆ, ಒಟ್ಟು ಪ್ರಮಾಣವೂ ಕಡಿಮೆ. ಆರ್‌ಸಿಸಿ ಸೂರು, ಇಟ್ಟಿಗೆ ಗೋಡೆಯ ಮುಚ್ಚಿದ ಕೋಣೆಯಲ್ಲಿ ಎರಡೂ ಹೆಚ್ಚು. ಹಾಗಾಗಿ ಒಂದೇ ಸ್ಪೀಕರ್ ಅಂಗಡಿಯಲ್ಲಿ ಕೇಳಿದಂತೆ ಮನೆಯಲ್ಲಿ ಕೇಳದಿದ್ದರೆ ಅಚ್ಚರಿಯಿಲ್ಲ.

ಕೋಣೆಯನ್ನು ಮೊಬೈಲಿನ ಡೆಸಿಬೆಲ್ ಆ್ಯಪಿನಿಂದ ಅಳೆಯುವಾಗ ಸೆಟ್ಟಿಂಗ್ 'ಎ' ತೂಕದಲ್ಲಿದ್ದರೆ ಅದು 63 ಹರ್ಟ್ಸನ್ನು 26 ಡಿಬಿ, 31.5ನ್ನು 39 ಡಿಬಿ ಕಡಿಮೆ ತೋರಿಸುತ್ತದೆ. 'ಸಿ' ತೂಕಕ್ಕೆ ಬದಲಾಯಿಸಿದರೆ 31.5ರಲ್ಲೂ ತಪ್ಪು 3 ಡಿಬಿ ಮಾತ್ರ. ಅದರ ಮೇಲೆ ಫೋನಿನ ಮೈಕಿನ ಸ್ವಂತ ಕೊರತೆಯೂ ಇರುತ್ತದೆ. ಹಾಗಾಗಿ ಇಲ್ಲಿಂದ ಅಲ್ಲಿಗೆ ಎಷ್ಟು ಹೆಚ್ಚು ಕಡಿಮೆ ಎಂದು ಹೋಲಿಸಲು ಫೋನ್ ಸಾಕು. ನಿಖರ ಸಂಖ್ಯೆ ಬೇಕಾದರೆ ಯುಮಿಕ್-1ನಂಥ ಕ್ಯಾಲಿಬ್ರೇಟ್ ಮಾಡಿದ ಮೈಕ್ ಮತ್ತು ಉಚಿತವಾದ ಆರ್‌ಇಡಬ್ಲ್ಯೂ ತಂತ್ರಾಂಶ ಬೇಕು.

ಈಕ್ವಲೈಸರಿಗೆ ಕೈ ಹಾಕುವಾಗ

ಈಗ ಗುಂಡಿ ತಿರುಗಿಸಬಹುದು, ಆದರೆ ಲೆಕ್ಕವಿಟ್ಟು. 3 ಡಿಬಿ ಏರಿಸಿದರೆ ಆ ಫ್ರೀಕ್ವೆನ್ಸಿಗೆ ಆಂಪ್ ಎರಡು ಪಟ್ಟು, 6 ಡಿಬಿಗೆ ನಾಲ್ಕು ಪಟ್ಟು, 10 ಡಿಬಿಗೆ ಹತ್ತು ಪಟ್ಟು ವ್ಯಾಟ್ ಕೊಡಬೇಕು. ಕೋಣೆಯ ಉಬ್ಬನ್ನು ಈಕ್ವಲೈಸರಿನಿಂದ ತಗ್ಗಿಸಿ, ತಗ್ಗನ್ನು ಏರಿಸಲು ಹೋಗಬೇಡಿ. ಫೈಲಿನಲ್ಲಿ 60 ಹರ್ಟ್ಸ್ ಕೆಳಗೆ ಸಂಗೀತವಿಲ್ಲವೆಂದು ಅಳತೆ ಹೇಳಿದ್ದರೆ ಅಲ್ಲಿ ಏರಿಸಿದ್ದೆಲ್ಲ ಹಮ್ಮಿಗೂ ಗುಡುಗುಡಿಗೂ ಸಲ್ಲುತ್ತದೆ. ಅಂಥ ಹಳೆಯ ಧ್ವನಿಮುದ್ರಣಕ್ಕೆ ಮೈಕಟ್ಟು ಬೇಕೆನಿಸಿದರೆ 100ರಿಂದ 200 ಹರ್ಟ್ಸ್ ಭಾಗವನ್ನು 2–3 ಡಿಬಿ ಎತ್ತಿ, 50ಕ್ಕಿಂತ ಕೆಳಗೆ ಕತ್ತರಿಸಿ. ಆಳವಿದೆ ಎಂದು ಖಚಿತವಾದ ಧ್ವನಿಮುದ್ರಣಗಳಿಗೆ ಏರಿಕೆ 4 ಡಿಬಿ ಮೀರದಿರಲಿ. ಪೋರ್ಟೆಡ್ ಸಬ್‌ವೂಫರ್ ಇದ್ದರೆ ಅದರ ಟ್ಯೂನಿಂಗ್‌ಗಿಂತ ತುಸು ಕೆಳಗೆ, ಸಾಮಾನ್ಯವಾಗಿ 20ರಿಂದ 25 ಹರ್ಟ್ಸ್‌ನಲ್ಲಿ, ಹೈ-ಪಾಸ್ ಹಾಕಿಯೇ ಏರಿಸಿ.